ಪಾನಪಾತ್ರೆಯೊಳಗಿನ ಒಂದು ಹನಿ ನೀರು

ಭಾನುವಾರದ ಬಲಿಪೂಜೆಯಲ್ಲಿ ಕಾಣಿಕೆಯ ಗೀತೆ ಕೇಳಿಬರುತ್ತಿರುವಾಗ ಪೀಠದ ಮೇಲೆ ನಡೆಯುವ ಒಂದು ಪುಟ್ಟ ಕ್ರಿಯೆಯನ್ನು ಗಮನಿಸಿದ್ದೀರಾ? ಯಾಜಕರು ಪಾನಪಾತ್ರೆಗೆ ದ್ರಾಕ್ಷಾರಸವನ್ನು ಸುರಿದು, ಅದಕ್ಕೆ ತುಸು ನೀರನ್ನು ಬೆರೆಸುತ್ತಾರೆ. ಆಗ ಅವರು ಹೇಳುವ ಪ್ರಾರ್ಥನೆ ಮೆಲುದನಿಯದು. ಹಾಡಿನ ನಡುವೆ ಅದು ನಿಮಗೆ ಕೇಳಿಸುವುದಿಲ್ಲ. ಕ್ಷಣಾರ್ಧದಲ್ಲಿ ಮುಗಿಯುವ ಈ ಕ್ರಿಯೆಗೆ ಹದಿನೆಂಟು ಶತಮಾನಗಳಿಗೂ ಮಿಗಿಲಾದ ಇತಿಹಾಸವಿದೆ.

ಇದರ ಮೂಲ ಊಟದ ಮೇಜಿನಲ್ಲಿದೆ. ಮೆಡಿಟರೇನಿಯನ್ ತೀರದ ಪ್ರಾಚೀನರು ಗಾಢವಾದ ದ್ರಾಕ್ಷಾರಸವನ್ನು ನೀರು ಬೆರೆಸಿಯೇ ಕುಡಿಯುತ್ತಿದ್ದರು. ಸುಮಾರು ಕ್ರಿ.ಶ. 155ರಲ್ಲಿ ರೋಮ್‌ನಲ್ಲಿದ್ದ ಸಂತ ಜಸ್ಟಿನ್, ಕ್ರೈಸ್ತರ ಆರಾಧನೆಯನ್ನು ವಿವರಿಸುವಾಗ ನೀರು ಬೆರೆತ ದ್ರಾಕ್ಷಾರಸದ ಪಾತ್ರೆಯನ್ನು ಹೆಸರಿಸುತ್ತಾರೆ. ಆದರೆ ಅದಕ್ಕೆ ಯಾವ ಗೂಢಾರ್ಥವನ್ನೂ ಅವರು ಹೇಳುವುದಿಲ್ಲ.

ಆ ಅರ್ಥವನ್ನು ಬಿಡಿಸಿ ಹೇಳಿದವರು ಆಫ್ರಿಕಾದ ಕಾರ್ಥೇಜಿನ ಧರ್ಮಾಧ್ಯಕ್ಷರಾದ ಸಂತ ಸಿಪ್ರಿಯನ್. ಅವರ ಕಾಲದಲ್ಲಿ ಕೆಲವರು ಬರಿಯ ನೀರನ್ನೇ ಅರ್ಪಿಸುತ್ತಿದ್ದರು. ಅದು ಹಿಂಸೆಯ ಕಾಲ. ಮುಂಜಾನೆಯೇ ಬಾಯಿಂದ ದ್ರಾಕ್ಷಾರಸದ ವಾಸನೆ ಬಂದರೆ ತಾವು ಕ್ರೈಸ್ತರೆಂದು ಗೊತ್ತಾದೀತೆಂಬ ಅಂಜಿಕೆಯೂ ಕೆಲವರಲ್ಲಿತ್ತು. ಸುಮಾರು 253ರಲ್ಲಿ ಧರ್ಮಾಧ್ಯಕ್ಷ ಸಿಸಿಲಿಯಸ್‌ರಿಗೆ ಬರೆದ ಪತ್ರದಲ್ಲಿ ಸಿಪ್ರಿಯನ್ ಇದನ್ನು ಖಂಡಿಸಿದರು. ದ್ರಾಕ್ಷಾರಸ ಕ್ರಿಸ್ತರ ರಕ್ತದ ಗುರುತು. ನೀರು ಜನರ ಗುರುತು. ಬರಿಯ ನೀರೆಂದರೆ ಕ್ರಿಸ್ತರಿಲ್ಲದ ಜನ. ಬರಿಯ ದ್ರಾಕ್ಷಾರಸವೆಂದರೆ ನಾವಿಲ್ಲದ ಕ್ರಿಸ್ತ. ಬೆರೆತ ಮೇಲೆ ಎರಡನ್ನೂ ಬೇರ್ಪಡಿಸಲಾಗದು. ಹೀಗೆ ಬರೆದ ಆ ಕೈಗಳು 258ರಲ್ಲಿ ರಕ್ತಸಾಕ್ಷಿಯ ಕೈಗಳಾದವು. ಅಂಜಿದವರಿಗೆ ಅವರು ನೀಡಿದ ಉಪದೇಶವನ್ನು ತಮ್ಮ ಪ್ರಾಣದಿಂದಲೇ ದೃಢಪಡಿಸಿದರು.

ಪೂರ್ವದ ಧರ್ಮಸಭೆಗಳು ಬೇರೆ ಬೇರೆ ಹಾದಿ ಹಿಡಿದವು. ಬೈಜಾಂಟೈನ್ ವಿಧಿಯಲ್ಲಿ ಪ್ರಸಾದ ಸ್ವೀಕಾರಕ್ಕೆ ಮುನ್ನ ಪಾತ್ರೆಗೆ ಬಿಸಿನೀರನ್ನೂ ಸೇರಿಸುತ್ತಾರೆ. ಆ ಕಾವು ಪವಿತ್ರಾತ್ಮರಿಂದ ಬರುವ ವಿಶ್ವಾಸದ ಕಾವು. ಅರ್ಮೇನಿಯದವರಾದರೋ ನೀರು ಬೆರೆಸದ ದ್ರಾಕ್ಷಾರಸವನ್ನೇ ಅರ್ಪಿಸುತ್ತಿದ್ದರು. 692ರ ಟ್ರುಲ್ಲೋ ಸಭೆ ಅದನ್ನು ಕಠಿಣವಾಗಿ ಆಕ್ಷೇಪಿಸಿತು. 1439ರಲ್ಲಿ ಫ್ಲಾರೆನ್ಸ್ ಮಹಾಸಭೆಯೂ ನೀರು ಬೆರೆಸಬೇಕೆಂದು ಅವರಿಗೆ ವಿಧಿಸಿತು. ಅರ್ಮೇನಿಯದ ಅಪೊಸ್ತಲಿಕ ಧರ್ಮಸಭೆ ಇಂದಿಗೂ ತನ್ನ ಪದ್ಧತಿಯನ್ನು ಬಿಟ್ಟಿಲ್ಲ. ಒಂದಾಗುವಿಕೆಯ ಗುರುತೇ ವಿವಾದಕ್ಕೆ ಎಡೆಯಾದದ್ದು ವಿಷಾದದ ಸಂಗತಿ. ನೀರು ಬೆರೆಸುವುದು ಸಂಸ್ಕಾರದ ಸಾರಕ್ಕೆ ಅನಿವಾರ್ಯವಲ್ಲವೆಂದು 13ನೆಯ ಶತಮಾನದಲ್ಲಿಯೇ ಸಂತ ಥಾಮಸ್ ಅಕ್ವಿನಾಸ್ ಬೋಧಿಸಿದ್ದರು. ಗುರುತು ದೊಡ್ಡದು, ಆದರೆ ಅದು ಸೂಚಿಸುವ ಪ್ರೀತಿ ಇನ್ನೂ ದೊಡ್ಡದು.

1562ರಲ್ಲಿ ಟ್ರೆಂಟ್ ಮಹಾಸಭೆ ಈ ಕ್ರಿಯೆಯನ್ನು ಎತ್ತಿಹಿಡಿಯುತ್ತಾ, ಶಿಲುಬೆಯ ಮೇಲೆ ಪ್ರಭುವಿನ ಪಕ್ಕೆಯಿಂದ ಹರಿದ ರಕ್ತ ಮತ್ತು ನೀರನ್ನು ನೆನಪಿಸಿತು. ಹಳೆಯ ರೋಮನ್ ವಿಧಿಯಲ್ಲಿ ಯಾಜಕರು ನೀರನ್ನು ಮಾತ್ರ ಶಿಲುಬೆಯ ಗುರುತಿನಿಂದ ಆಶೀರ್ವದಿಸುತ್ತಿದ್ದರು, ದ್ರಾಕ್ಷಾರಸವನ್ನಲ್ಲ. ಕ್ರಿಸ್ತರಿಗೆ ಆಶೀರ್ವಾದದ ಅಗತ್ಯವಿಲ್ಲ, ಅಗತ್ಯವಿರುವುದು ನಮಗೆ ಎಂದು ಇದನ್ನು ಅರ್ಥೈಸುತ್ತಿದ್ದರು.

ಯಾಜಕನಾದ ನಾನೂ ಎಷ್ಟೋ ದಿನ ಈ ಹನಿಯನ್ನು ಅವಸರದಲ್ಲಿ ಸುರಿದಿದ್ದೇನೆ. ಆದರೆ ಆ ಹನಿಯೊಳಗೆ ನೀವಿದ್ದೀರಿ: ಸಾಲದ ಚಿಂತೆ ಹೊತ್ತು ಬಂದ ತಂದೆ, ರೋಗಿಯ ಹಾಸಿಗೆಯಿಂದ ಎದ್ದುಬಂದ ತಾಯಿ, ತಾನು ಯೋಗ್ಯನಲ್ಲವೆಂದು ಬಾಗಿಲ ಬಳಿಯೇ ನಿಂತವನು. ಹನಿ ಚಿಕ್ಕದು, ತಾನಾಗಿ ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಬೆರೆತ ಮೇಲೆ ಅದನ್ನು ಮರಳಿ ತೆಗೆಯಲು ಯಾರಿಂದಲೂ ಆಗದು. ಮುಂದಿನ ಭಾನುವಾರ ಆ ಕ್ಷಣದಲ್ಲಿ ಕಣ್ಣೆತ್ತಿ ನೋಡಿರಿ. ನಿಮ್ಮ ವಾರವನ್ನೆಲ್ಲ ಆ ಹನಿಯೊಡನೆ ಪಾತ್ರೆಗೆ ಸುರಿದುಬಿಡಿರಿ.