ಏಕಾಂಗಿ ಜೀವನ ಮತ್ತು ಸಂತೃಪ್ತಿ: ಸಂತ ಲಾರೆನ್ಸರ ರೋಮಿನಿಂದ ಉಡುಪಿಯ ಧರ್ಮಕೇಂದ್ರಗಳವರೆಗೆ

ಕಾರ್ಕಳ ಸಮೀಪದ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರದಲ್ಲಿ ಪ್ರತಿ ವರ್ಷ ಜನವರಿಯ ಮಹೋತ್ಸವಕ್ಕೆ ಜಾತಿಮತಗಳ ಭೇದವಿಲ್ಲದೆ ಜನಸಾಗರ ಸೇರುತ್ತದೆ. 1759ರಲ್ಲಿ ಆರಂಭವಾದ ಈ ಧರ್ಮಕೇಂದ್ರಕ್ಕೆ 2016ರಲ್ಲಿ ಕಿರಿಯ ಬಸಿಲಿಕದ ಗೌರವ ದೊರೆಯಿತು. ಭಕ್ತರು ಇಲ್ಲಿ ರೋಗಶಮನಕ್ಕಾಗಿ, ಸಂತಾನಕ್ಕಾಗಿ, ಮಕ್ಕಳ ವಿವಾಹಕ್ಕಾಗಿ ಹರಕೆ ಹೊರುತ್ತಾರೆ. ಆದರೆ ಮೂರನೆಯ ಶತಮಾನದ ರೋಮಿನಲ್ಲಿ ಈ ಸಂತರ ನಿತ್ಯದ ಸೇವೆ ಯಾರ ನಡುವೆ ನಡೆಯುತ್ತಿತ್ತು ಎಂಬುದನ್ನು ನಾವು ಸ್ಮರಿಸುವುದು ವಿರಳ. ಅವರು ಡೀಕನರು, ಬಡವರು, ವಿಧವೆಯರು, ಮನೆಯವರಿಲ್ಲದವರು ಅವರ ಪಾಲನೆಯಲ್ಲಿದ್ದರು. ಸಂಗಾತಿಯಿಲ್ಲದೆ ಬಾಳುವವರಿಗೆ ಸಂತೃಪ್ತಿಯನ್ನು ಬೋಧಿಸುವುದು ಸುಲಭ. ಆ ಸಂತೃಪ್ತಿಗೆ ಬೇಕಾದ ಅನ್ನ, ಆಸರೆ ಮತ್ತು ಗೌರವದ ಹೊಣೆಯನ್ನು ಆದಿ ಧರ್ಮಸಭೆ ತಾನೇ ಹೊತ್ತಿತ್ತು. ಆ ಹೊಣೆ ಹೇಗೆ ಮಸುಕಾಯಿತು, ನಮ್ಮ ತುಳುನಾಡಿನಲ್ಲಿ ಅದು ಯಾವ ರೂಪ ತಾಳಿತು, ಇಂದು ನಮ್ಮಿಂದ ಏನನ್ನು ಅಪೇಕ್ಷಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ಸಂತ ಪೌಲರ ಸಂತೃಪ್ತಿ

ಕನ್ನಡದಲ್ಲಿ ‘ಒಂಟಿ’ ಎಂದೊಡನೆ ಮರುಕದ ಧ್ವನಿ ಮೂಡುತ್ತದೆ. ‘ಏಕಾಂತ’ ಎಂದರೆ ಸಾಧನೆಯ ಗೌರವ ಬರುತ್ತದೆ. ನಮ್ಮ ಕೊಂಕಣಿ ಭಾಷಿಕ ಕ್ರೈಸ್ತರಲ್ಲಿ ‘ಆಂಕ್ವಾರ್’ ಎಂಬ ಒಂದೇ ಪದ ಕನ್ಯಾಮರಿಯಮ್ಮನವರಿಗೂ ಸಲ್ಲುತ್ತದೆ, ಮದುವೆಯಾಗದೆ ಉಳಿದ ನೆರೆಮನೆಯವರಿಗೂ ಸಲ್ಲುತ್ತದೆ. ಪ್ರಾರ್ಥನೆಯಲ್ಲಿ ಅದು ಸ್ತುತಿ. ಮದುವೆಯ ಚಪ್ಪರದಲ್ಲಿ ಅದು ಬಂಧುಗಳ ಪಿಸುಮಾತು. ಒಂದೇ ಪದ ಪಡೆದಿರುವ ಈ ಎರಡು ಬಗೆಯ ಬೆಲೆಯಲ್ಲಿ ನಮ್ಮ ಸಮಸ್ಯೆಯ ಸಾರವಿದೆ.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 7ನೆಯ ಅಧ್ಯಾಯದಲ್ಲಿ ಸಂತ ಪೌಲರು ವಿವಾಹವನ್ನೂ ಅವಿವಾಹಿತ ಸ್ಥಿತಿಯನ್ನೂ ದೇವರ ವರಗಳೆಂದೇ ಕಾಣುತ್ತಾರೆ. ಆದರೆ ಅವರ ಸಂತೃಪ್ತಿಯ ಸ್ವರೂಪ ತಿಳಿಯಲು ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೆಯ ಅಧ್ಯಾಯವನ್ನು ಓದಬೇಕು. ಎಂಥ ಪರಿಸ್ಥಿತಿಯಲ್ಲೂ ತೃಪ್ತನಾಗಿರಲು ತಾನು ಕಲಿತಿರುವುದಾಗಿ ಅವರು ಅಲ್ಲಿ ಹೇಳುತ್ತಾರೆ. ಅದಕ್ಕೆ ಬಳಸುವ ಪದ ಗ್ರೀಕ್ ತತ್ತ್ವಜ್ಞಾನಿಗಳಿಗೆ, ವಿಶೇಷವಾಗಿ ಸ್ತೋಯಿಕರಿಗೆ ಪ್ರಿಯವಾದ ‘ಅವ್ತಾರ್ಕೆಸ್’. ಪರರ ಹಂಗಿಲ್ಲದೆ ತನಗೆ ತಾನೇ ಸಾಕಾಗಿರುವವನು ಎಂದು ಅದರ ಅರ್ಥ. ಪೌಲರು ಆ ಪದವನ್ನು ಸ್ವೀಕರಿಸಿ ಅದರ ದಿಕ್ಕನ್ನೇ ಬದಲಿಸುತ್ತಾರೆ. ತನ್ನ ಬಲ ತನ್ನದಲ್ಲ, ಬಲಪಡಿಸುವವನದು ಎನ್ನುತ್ತಾರೆ. ಅಷ್ಟಕ್ಕೇ ನಿಲ್ಲದೆ, ಫಿಲಿಪ್ಪಿಯ ಸಭೆ ಎಪಫ್ರೊದೀತನ ಕೈಯಲ್ಲಿ ಕಳುಹಿಸಿದ ಸಹಾಯಕ್ಕೆ ಅದೇ ಅಧ್ಯಾಯದಲ್ಲಿ ಕೃತಜ್ಞತೆ ಸೂಚಿಸಿ, ಅವರು ತನ್ನ ಸಂಕಟದಲ್ಲಿ ಪಾಲುಗೊಂಡದ್ದು ಒಳ್ಳೆಯದಾಯಿತು ಎನ್ನುತ್ತಾರೆ. ಸಂತೃಪ್ತಿಯ ಕುರಿತಾದ ಈ ಪ್ರಸಿದ್ಧ ವಾಕ್ಯ ಇರುವುದು ನೆರವು ತಲುಪಿದ್ದಕ್ಕೆ ಸಂದ ಕೃತಜ್ಞತೆಯ ಪತ್ರದಲ್ಲಿ. ಸೆರೆಯಲ್ಲಿದ್ದ ಆ ಅವಿವಾಹಿತ ಪ್ರೇಷಿತರಿಗೆ ತೃಪ್ತಿಯೂ ಇತ್ತು, ಅವರನ್ನು ನೆನೆಯುವ ಒಂದು ಸಭೆಯೂ ಇತ್ತು.

2. ರೋಮಿನ ಪಟ್ಟಿ

ಪ್ರೇಷಿತರ ಕಾರ್ಯಕಲಾಪಗಳ 6ನೆಯ ಅಧ್ಯಾಯದಲ್ಲಿ ಏಳು ಮಂದಿಯ ನೇಮಕಕ್ಕೆ ಕಾರಣವಾದದ್ದು ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಭಾಷಿಕ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು. ಡೀಕನ್ ಪದವಿಯ ಮೂಲವನ್ನು ಪರಂಪರೆ ಇಲ್ಲಿ ಗುರುತಿಸುತ್ತದೆ. ಆ ಏಳು ಮಂದಿಯಲ್ಲಿ ಒಬ್ಬನಾದ ಫಿಲಿಪ್ಪನಿಗೆ ಅವಿವಾಹಿತರಾದ ನಾಲ್ವರು ಹೆಣ್ಣುಮಕ್ಕಳಿದ್ದರೆಂದೂ ಅವರು ಪ್ರವಾದನೆ ಮಾಡುತ್ತಿದ್ದರೆಂದೂ 21ನೆಯ ಅಧ್ಯಾಯ ತಿಳಿಸುತ್ತದೆ. ಅವರಿಗೆ ಮಠವಿರಲಿಲ್ಲ, ಉಡುಪಿರಲಿಲ್ಲ. ತಂದೆಯ ಮನೆಯೇ ಅವರ ಸೇವಾಕ್ಷೇತ್ರವಾಗಿತ್ತು. ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರದ 5ನೆಯ ಅಧ್ಯಾಯ ವಿಧವೆಯರ ಪಟ್ಟಿಗೆ ನಿಯಮಗಳನ್ನು ವಿಧಿಸುತ್ತದೆ: 60 ವರ್ಷ ತುಂಬಿರಬೇಕು; ಬಂಧುಗಳಿರುವವರನ್ನು ಬಂಧುಗಳೇ ನೋಡಿಕೊಳ್ಳಬೇಕು; ನಿಜವಾಗಿ ಯಾರೂ ಇಲ್ಲದವರ ಭಾರ ಸಭೆಯದು.

ಈ ಪಟ್ಟಿಯ ಮುಂದಿನ ರೂಪ ರೋಮಿನಲ್ಲಿ ಸಿಗುತ್ತದೆ. 251ರ ಸುಮಾರಿಗೆ ಪೋಪ್ ಕೊರ್ನೇಲಿಯಸರು ಅಂತಿಯೋಕ್ಯದ ಧರ್ಮಾಧ್ಯಕ್ಷ ಫಾಬಿಯಸರಿಗೆ ಬರೆದ ಪತ್ರದ ಭಾಗವನ್ನು ಚರಿತ್ರಕಾರ ಯೂಸೇಬಿಯಸರು ಉಳಿಸಿಕೊಟ್ಟಿದ್ದಾರೆ. ರೋಮಿನ ಸಭೆಯಲ್ಲಿ ಆಗ 46 ಯಾಜಕರು, 7 ಡೀಕನರು, 7 ಉಪಡೀಕನರು, 42 ಅಕೊಲಿಥರು ಇದ್ದರು. ಸಭೆಯು ಪೋಷಿಸುತ್ತಿದ್ದ ವಿಧವೆಯರು ಮತ್ತು ಸಂಕಷ್ಟದಲ್ಲಿದ್ದವರ ಸಂಖ್ಯೆ 1500ಕ್ಕೂ ಅಧಿಕ. ಇದಾದ ಏಳು ವರ್ಷಗಳಿಗೆ, 258ರ ಆಗಸ್ಟಿನಲ್ಲಿ, ಪೋಪ್ ಎರಡನೆಯ ಸಿಕ್ಸ್ತಸರ ಹಿಂದೆಯೇ ಡೀಕನ್ ಲಾರೆನ್ಸರು ರಕ್ತಸಾಕ್ಷಿಯಾದರು. ಸಭೆಯ ಸಂಪತ್ತನ್ನು ಒಪ್ಪಿಸು ಎಂದ ಅಧಿಕಾರಿಯ ಮುಂದೆ ಅವರು ಬಡವರನ್ನು ಕರೆತಂದ ವೃತ್ತಾಂತವನ್ನು ಸಂತ ಆಂಬ್ರೋಸರು ಹೇಳುತ್ತಾರೆ. ಇದು ಘಟನೆಯ ಶತಮಾನಕ್ಕೂ ಹೆಚ್ಚು ಕಾಲದ ಬಳಿಕ ಬರೆದಿಟ್ಟದ್ದು ಎಂಬುದನ್ನು ಚರಿತ್ರೆಯ ವಿದ್ಯಾರ್ಥಿ ನೆನಪಿಡಬೇಕು. ಆಂಬ್ರೋಸರ ಅನಂತರ ಕವಿ ಪ್ರುದೆಂಸಿಯಸರು ಅದೇ ವೃತ್ತಾಂತಕ್ಕೆ ಇನ್ನೊಂದು ಅಂಶ ಸೇರಿಸುತ್ತಾರೆ: ಬಡವರು ಸಭೆಯ ಚಿನ್ನವಾದರೆ, ಕನ್ಯೆಯರೂ ಮರುವಿವಾಹವಾಗದ ವಿಧವೆಯರೂ ಅದರ ರತ್ನಗಳು. ವೃತ್ತಾಂತದ ವಿವರ ಹೇಗೇ ಇರಲಿ, ಅದರ ಹಿಂದಿರುವ ಸಭೆಯ ಸ್ವರೂಪವನ್ನು ಕೊರ್ನೇಲಿಯಸರ ಪತ್ರ ದೃಢಪಡಿಸುತ್ತದೆ. ರತ್ನವೆಂದು ಹೊಗಳಿದವರ ಹೆಸರು ಅನ್ನದ ಪಟ್ಟಿಯಲ್ಲೂ ಇತ್ತು.

3. ಗಂಡ ಇಲ್ಲವೇ ಗೋಡೆ

ನಾಲ್ಕನೆಯ ಶತಮಾನದಿಂದ ಚಿತ್ರ ಬದಲಾಯಿತು. ಸಂತ ಅಂತೋಣಿಯವರು ಮರುಭೂಮಿಯ ಬದುಕಿಗೆ ಹೊರಟಾಗ ತಮ್ಮ ತಂಗಿಯನ್ನು ಪರಿಚಿತ ಕನ್ಯೆಯರ ವಶಕ್ಕೆ ಒಪ್ಪಿಸಿದರೆಂದು ಸಂತ ಅಥನಾಸಿಯಸರು ಬರೆದಿದ್ದಾರೆ. ಮಹಾ ಬೆಸಿಲರು ಒಂಟಿ ತಪಸ್ಸಿಗಿಂತ ಸಮುದಾಯ ಜೀವನವನ್ನೇ ಮೆಚ್ಚಿದರು. ಒಬ್ಬನೇ ಇರುವವನು ಯಾರ ಪಾದ ತೊಳೆಯಬಲ್ಲ ಎಂಬುದು ಅವರ ವಾದ. ಈ ವಾದದಿಂದ ಮಠಗಳು ಬೆಳೆದು ಧರ್ಮಸಭೆ ಶ್ರೀಮಂತವಾಯಿತು. ಆದರೆ ಮಠದ ಹೊರಗೆ, ತನ್ನ ಮನೆಯಲ್ಲೇ ಏಕಾಂಗಿಯಾಗಿ ಬಾಳುವವರ ಸ್ಥಾನ ಕ್ರಮೇಣ ಅನುಮಾನಕ್ಕೆ ಒಳಗಾಯಿತು. 1298ರಲ್ಲಿ ಪೋಪ್ ಎಂಟನೆಯ ಬೊನಿಫಾಸರು ಧರ್ಮಭಗಿನಿಯರಿಗೆ ಕಟ್ಟುನಿಟ್ಟಿನ ಆವರಣವನ್ನು ವಿಧಿಸಿದರು. ಶಾಶ್ವತ ವ್ರತಗಳಿಲ್ಲದೆ, ಸ್ವಂತ ದುಡಿಮೆಯಿಂದ ಬದುಕುತ್ತಿದ್ದ ಬೆಗೀನ್ ಸ್ತ್ರೀಯರ ಜೀವನಕ್ರಮವನ್ನು 1311-12ರ ವಿಯೆನ್ ಮಹಾಸಭೆ ಖಂಡಿಸಿತು. ಸ್ತ್ರೀಗೆ ಗಂಡ ಇಲ್ಲವೇ ಗೋಡೆ, ಇವೆರಡೇ ದಾರಿ ಎಂಬ ಮನೋಭಾವ ಬೇರೂರಿತು. 1563ರಲ್ಲಿ ತ್ರೆಂತ್ ಮಹಾಸಭೆ ಬ್ರಹ್ಮಚರ್ಯದ ಹಿರಿಮೆಯನ್ನು ಎತ್ತಿಹಿಡಿದಾಗಲೂ, ವ್ರತವಿಲ್ಲದೆ ಅವಿವಾಹಿತರಾಗಿ ಉಳಿದವರಿಗೆ ಪ್ರತ್ಯೇಕ ಸ್ಥಾನ ದೊರೆಯಲಿಲ್ಲ. ಹೊಗಳಿಕೆ ಉಳಿಯಿತು, ಪಟ್ಟಿ ಮರೆಯಾಯಿತು.

4. ತುಳುನಾಡಿನ ಅನುಭವ

ಕ್ರೈಸ್ತಧರ್ಮ ಬೇರೂರಿದ ಈ ಕರಾವಳಿಯಲ್ಲಿ ಏಕಾಂಗಿ ಜೀವನಕ್ಕೆ ತನ್ನದೇ ಪರಂಪರೆಗಳಿದ್ದವು. ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ ಭೈರರಸನು ಪ್ರತಿಷ್ಠಾಪಿಸಿದ ಬಾಹುಬಲಿ, ಏಕಾಂಗಿತನದ ಅತ್ಯುನ್ನತ ಶಿಲ್ಪ. ಬಳ್ಳಿಗಳು ಮೈಯನ್ನು ಸುತ್ತುವಷ್ಟು ಕಾಲ ನಿಂತರೂ, ಅಣ್ಣ ಭರತನ ನೆಲದ ಮೇಲೆ ನಿಂತಿದ್ದೇನೆಂಬ ಭಾವ ಕರಗುವವರೆಗೆ ಅವನಿಗೆ ಕೇವಲಜ್ಞಾನ ಲಭಿಸಲಿಲ್ಲ ಎಂಬ ಜೈನ ಪರಂಪರೆಯ ಮಾತು ಗಮನಾರ್ಹ. ಒಬ್ಬನೇ ನಿಂತ ಮಾತ್ರಕ್ಕೆ ಮನಸ್ಸು ನಿರಾಳವಾಗದು. ಇನ್ನು ಉಡುಪಿಯ ಅಷ್ಟಮಠಗಳ ಯತಿಗಳು ಸಂನ್ಯಾಸಿಗಳಾದರೂ ಆ ಎಂಟು ಮಠಗಳು ನಾಲ್ಕು ‘ದ್ವಂದ್ವ’ ಜೋಡಿಗಳಾಗಿ ಬೆಸೆದುಕೊಂಡಿವೆ: ಪಲಿಮಾರು ಮತ್ತು ಅದಮಾರು, ಕೃಷ್ಣಾಪುರ ಮತ್ತು ಪುತ್ತಿಗೆ, ಶೀರೂರು ಮತ್ತು ಸೋದೆ, ಕಾಣಿಯೂರು ಮತ್ತು ಪೇಜಾವರ. ಒಂದು ಮಠದ ಯತಿ ಉತ್ತರಾಧಿಕಾರಿಯನ್ನು ನೇಮಿಸದೆ ಅಗಲಿದರೆ ದ್ವಂದ್ವ ಮಠದ ಯತಿ ಆ ಹೊಣೆ ಹೊರುತ್ತಾರೆ. ತ್ಯಾಗಿಗೂ ಒಬ್ಬ ಜೊತೆಗಾರ ಬೇಕೆಂಬ ವಿವೇಕ ಇದರಲ್ಲಿದೆ.

ಸಾಮಾನ್ಯ ಜನರಲ್ಲಿ ಈ ವಿವೇಕ ಅಳಿಯಸಂತಾನ ಕಟ್ಟಿನ ರೂಪದಲ್ಲಿತ್ತು. ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ಸ್ತ್ರೀ ತಾಯಿಯ ಕುಟುಂಬದ ಸದಸ್ಯೆ. ಮದುವೆಯಾಗಲಿ ಆಗದಿರಲಿ, ವಿಧವೆಯಾಗಲಿ, ಸಂಬಂಧ ಕಡಿದುಕೊಂಡು ಹಿಂದಿರುಗಲಿ, ತರವಾಡು ಮನೆಯಲ್ಲಿ ಅವಳ ಸ್ಥಾನ ಹುಟ್ಟಿನಿಂದಲೇ ಬಂದದ್ದು. ಯಾರ ಕರುಣೆಯೂ ಅಲ್ಲ. ಯಜಮಾನರ ದರ್ಪ, ಮನೆಯೊಳಗಿನ ಕಲಹ ಇವೆಲ್ಲ ಇದ್ದವೆಂಬುದನ್ನು ಮರೆಯಲಾಗದು. ಆದರೂ ‘ನಾಳೆ ನಾನು ಎಲ್ಲಿರಲಿ’ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿತ್ತು. 1949ರ ಅಳಿಯಸಂತಾನ ಕಾಯಿದೆ ಹಾಗೂ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳ ಅನಂತರ ಈ ವ್ಯವಸ್ಥೆ ಸಡಿಲಗೊಂಡಿತು.

1834ರಲ್ಲಿ ಮಂಗಳೂರಿಗೆ ಬಂದು, 1854ರಲ್ಲಿ ಉಡುಪಿಯಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ ಎದುರಿಸಿದ ದೊಡ್ಡ ತೊಡಕೂ ಇದೇ. ಕ್ರೈಸ್ತರಾದವರಿಗೆ ಕುಟುಂಬದ ಮನೆಯ ಬಾಗಿಲು ಮುಚ್ಚಿತು. ಮತಾಂತರದಿಂದ ಆಸ್ತಿಯ ಹಕ್ಕು ಹೋಗದೆಂದು 1850ರ ಕಾಯಿದೆ ಹೇಳಿದರೂ, ಪಾಲಾಗದ ಕುಟುಂಬದ ಆಸ್ತಿಯಲ್ಲಿ ಮನೆಯಿಂದ ಹೊರಬಿದ್ದವರಿಗೆ ಅದರಿಂದಾದ ಪ್ರಯೋಜನ ಅಲ್ಪ. ಮಿಶನ್ ಅವರಿಗೆ ಕೆಲಸ ಕೊಟ್ಟಿತು, ನೆಲೆ ಕೊಟ್ಟಿತು. ಆದರೆ ಅದು ಕಟ್ಟಬಯಸಿದ ಮಾದರಿ ಗಂಡ, ಹೆಂಡತಿ, ಮಕ್ಕಳ ಕ್ರೈಸ್ತ ಕುಟುಂಬ. ಮಿಶನರಿಗಳ ವಿವಾಹಕ್ಕೂ ಬಾಸೆಲಿನ ಸಮಿತಿಯ ಅನುಮತಿ ಅಗತ್ಯವಾಗಿತ್ತು. ವಿವಾಹಿತ ಮಿಶನರಿಯ ಮನೆಯೇ ಸಭೆಗೆ ಆದರ್ಶವಾಗಿತ್ತು. ಮೊದಲ ತಂಡದ ಸ್ಯಾಮುವೆಲ್ ಹೆಬಿಕ್‌ರವರು ಇದಕ್ಕೆ ಅಪವಾದ. ಅವರಿಗೆ ಬ್ರಹ್ಮಚರ್ಯದ ವ್ರತವಿರಲಿಲ್ಲ. ಆದರೂ ಮಂಗಳೂರಿನಲ್ಲೂ 1841ರಿಂದ ಕಣ್ಣೂರಿನಲ್ಲೂ ಅವಿವಾಹಿತರಾಗಿಯೇ ದುಡಿದು 1859ರಲ್ಲಿ ಹಿಂದಿರುಗಿದರು. ಉಡುಪಿಯಲ್ಲಿ 1923ರ ಜೂನ್ 15ರಂದು ಆಸ್ಪತ್ರೆಯನ್ನು ಆರಂಭಿಸಿದ ಸ್ವಿಸ್ ವೈದ್ಯೆ ಡಾ. ಇವಾ ಲೊಂಬಾರ್ಡ್ ಮಿಶನರಿಯೊಬ್ಬರ ಪತ್ನಿಯಾಗಿ ಬಂದವರಲ್ಲ, ಧರ್ಮಭಗಿನಿಯ ಉಡುಪು ತೊಟ್ಟವರೂ ಅಲ್ಲ. ಜನರ ಬಾಯಲ್ಲಿ ಮಿಶನ್ ಆಸ್ಪತ್ರೆಯಾಗಿರುವ ಆ ಸಂಸ್ಥೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ‘ಗಂಡ ಇಲ್ಲವೇ ಗೋಡೆ’ ಎಂಬ ಮಾತಿಗೆ ಉಡುಪಿಯ ಮಣ್ಣಿನಲ್ಲಿ ಸಿಗುವ ಉತ್ತರ ಅದು.

5. ಮರಳಿ ಪಟ್ಟಿಯ ಕಡೆಗೆ

1964ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯ ‘ಲೂಮೆನ್ ಜೆನ್ಸಿಯುಮ್’ ಸಂವಿಧಾನ, ಪಾವಿತ್ರ್ಯದ ಕರೆಯನ್ನು ವಿವರಿಸುವ 41ನೆಯ ಪರಿಚ್ಛೇದದಲ್ಲಿ, ವಿಧವೆಯರನ್ನೂ ಅವಿವಾಹಿತರನ್ನೂ ಹೆಸರಿಸಿ ಗೌರವಿಸಿತು. 1970ರಲ್ಲಿ ಲೋಕದ ನಡುವೆ ಬಾಳುವ ಕನ್ಯೆಯರ ಸಮರ್ಪಣೆಯ ಪ್ರಾಚೀನ ವಿಧಿ ಪುನಃ ಜಾರಿಗೆ ಬಂತು. 1983ರ ಧರ್ಮಸಭಾ ಸಂಹಿತೆಯ 603 ಮತ್ತು 604ನೆಯ ವಿಧಿಗಳು ಏಕಾಂತವಾಸಿಗಳಿಗೂ ಸಮರ್ಪಿತ ಕನ್ಯೆಯರಿಗೂ ಸ್ಥಾನ ಕಲ್ಪಿಸಿದವು. ಕುಟುಂಬವನ್ನು ಕುರಿತ 1981ರ ‘ಫಮಿಲಿಯಾರಿಸ್ ಕೊನ್ಸೋರ್ಸಿಯೊ’ ತನ್ನ ಕೊನೆಯ ಭಾಗದಲ್ಲಿ ಕುಟುಂಬವಿಲ್ಲದವರ ಕಡೆ ತಿರುಗಿ, ಧರ್ಮಸಭೆ ಅವರಿಗೆ ಮನೆಯಾಗಬೇಕು ಎನ್ನುತ್ತದೆ. ಬೋಧನೆಯಲ್ಲಿ ಕೊರತೆಯಿಲ್ಲ. ಪ್ರಶ್ನೆ ಇರುವುದು ಧರ್ಮಕೇಂದ್ರದ ದಫ್ತರದಲ್ಲಿ.

2012ರಲ್ಲಿ ಸ್ಥಾಪಿತವಾದ ಉಡುಪಿ ಧರ್ಮಪ್ರಾಂತ್ಯದಲ್ಲಿಯೂ, ನೆರೆಯ ಮಂಗಳೂರಿನಲ್ಲಿರುವಂತೆ, ಚರ್ಚುಗಳ ಲೆಕ್ಕ ಕುಟುಂಬಗಳ ಲೆಕ್ಕ. ವಾಳೆಯ ಗುರ್ಕಾರರು ಮನೆಗಳನ್ನು ಎಣಿಸುತ್ತಾರೆ. ಪ್ರಾರ್ಥನಾಕೂಟ ಮನೆಯಿಂದ ಮನೆಗೆ ಸಾಗುತ್ತದೆ. ಮುಂಬಯಿ, ಕೊಲ್ಲಿ ದೇಶಗಳತ್ತ ಮಕ್ಕಳು ಹೋದ ಮೇಲೆ ಕಾಪು, ಕಾರ್ಕಳದ ಕಡೆಯ ದೊಡ್ಡ ಮನೆಗಳಲ್ಲಿ ಒಬ್ಬೊಬ್ಬರೇ ಹಿರಿಯರು ಉಳಿದಿದ್ದಾರೆ. ತಮ್ಮಂದಿರನ್ನು ಓದಿಸಿ, ತಂಗಿಯರ ಮದುವೆ ಮಾಡಿಸಿ, ತಾವು ಹಾಗೆಯೇ ಉಳಿದ ಅಕ್ಕಂದಿರು ಇದ್ದಾರೆ. ಮಣಿಪಾಲದ ಬಾಡಿಗೆ ಕೋಣೆಗಳಲ್ಲಿ ದುಡಿಯುವ, ಏಕಾಂಗಿ ಬದುಕನ್ನೇ ಸಂತೋಷದಿಂದ ಆರಿಸಿಕೊಂಡ ಯುವಜನರಿದ್ದಾರೆ. ಇವರೆಲ್ಲರೂ ದುಃಖಿಗಳೆಂದು ಭಾವಿಸುವುದು ಅನ್ಯಾಯ. ಅನೇಕರು ತಮ್ಮ ದಿನಚರಿ, ಪ್ರಾರ್ಥನೆ, ತೋಟ, ಓದುಗಳಲ್ಲಿ ನಿಜವಾಗಿಯೂ ತೃಪ್ತರು. ‘ಇನ್ನೂ ಮದುವೆಯಾಗಿಲ್ಲವೇ’ ಎಂಬ ಪ್ರಶ್ನೆಯೊಂದು ನಿಂತರೆ ಅವರಿಗೆ ಅರ್ಧ ನೆಮ್ಮದಿ. ಉಳಿದರ್ಧ ನೆಮ್ಮದಿಯನ್ನು ಕಸಿಯುವುದು ಆಸ್ಪತ್ರೆಗೆ ಸೇರುವಾಗ ಎದುರಾಗುವ ಪ್ರಶ್ನೆ: ‘ಜೊತೆಗೆ ಯಾರಿದ್ದಾರೆ?’

ಯಾಜಕರಾದ ನಾವೂ ಧರ್ಮಕೇಂದ್ರದ ನಿವಾಸದಲ್ಲಿ ಹಲವು ಬಾರಿ ಒಬ್ಬರೇ ಇರುತ್ತೇವೆ. ಆದರೆ ನಮ್ಮ ಹಿಂದೆ ಧರ್ಮಾಧ್ಯಕ್ಷರಿದ್ದಾರೆ, ಸಹಯಾಜಕರಿದ್ದಾರೆ, ಕಾಯಿಲೆಗೂ ವೃದ್ಧಾಪ್ಯಕ್ಕೂ ವ್ಯವಸ್ಥೆಯಿದೆ. ಈ ಭದ್ರತೆಯಿಲ್ಲದ ಅವಿವಾಹಿತ ಭಕ್ತರಿಗೆ ಫಿಲಿಪ್ಪಿ ಪತ್ರದ ತೃಪ್ತಿಯ ವಾಕ್ಯವನ್ನು ಮಾತ್ರ ಓದಿ ಹೇಳಿ, ಎಪಫ್ರೊದೀತನನ್ನು ಕಳುಹಿಸದೆ ಇದ್ದರೆ ನಾವು ಅರ್ಧ ಅಧ್ಯಾಯವನ್ನು ಬೋಧಿಸಿದಂತೆ.

ಮಾಡಬೇಕಾದದ್ದು ಕಷ್ಟಸಾಧ್ಯವಲ್ಲ. ಪ್ರತಿ ವಾಳೆಯಲ್ಲೂ ಒಬ್ಬರೇ ವಾಸಿಸುವವರ ಪಟ್ಟಿ ಇರಲಿ. ಅವರ ಒಪ್ಪಿಗೆಯಿಂದ, ಅವರ ಖಾಸಗಿತನಕ್ಕೆ ಧಕ್ಕೆ ಬಾರದಂತೆ. ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಜೊತೆಗೆ ಬಂದು ಸಹಿ ಹಾಕುವ ಇಬ್ಬರ ಹೆಸರು ಮೊದಲೇ ಗೊತ್ತಿರಲಿ. ಚರ್ಚಿನ ಸಮಿತಿಗಳಲ್ಲಿ ಅವರು ನೆರವು ಪಡೆಯುವವರಾಗಿ ಮಾತ್ರ ಕಾಣದೆ, ಫಿಲಿಪ್ಪನ ಹೆಣ್ಣುಮಕ್ಕಳಂತೆ ಮಾತನಾಡುವವರಾಗಿಯೂ ಇರಲಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಆಶೀರ್ವದಿಸಿದ ತೆನೆಯ ಕಾಳನ್ನು ದೂರದ ದೇಶದಲ್ಲಿರುವ ಮಕ್ಕಳಿಗೆ ಅಂಚೆಯಲ್ಲಿ ಕಳುಹಿಸುವ ರೂಢಿ ನಮ್ಮಲ್ಲಿದೆ. ಅದೇ ವಾಳೆಯಲ್ಲಿ ಒಬ್ಬರೇ ಇರುವವರು ಆ ದಿನ ಹೊಸ ಅಕ್ಕಿಯ ಊಟಕ್ಕೆ ಯಾರ ಮನೆಯಲ್ಲಿ ಕುಳಿತುಕೊಳ್ಳುತ್ತಾರೆ ಎಂಬುದನ್ನು ಹಬ್ಬಕ್ಕೆ ಮೊದಲೇ ಗುರ್ಕಾರರು ವಿಚಾರಿಸಿ ತಿಳಿದಿರಬೇಕು. ಮನೆಯಲ್ಲೇ ಉಣ್ಣುವುದು ಅವರ ಇಷ್ಟವಾದರೆ ತೆನೆಯ ಪಾಲು ಅವರ ಬಾಗಿಲಿಗೆ ಹೋಗಲಿ.