ಹೇಳಲಿಕ್ಕೆ ನಾಚಿಕೆಯಾಗುವ ಒಂದು ನೋವಿನ ಚರಿತ್ರೆ

ಮುಂಬೈಯ ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದವರೆಲ್ಲ ಆ ಗೋಡೆಗಳನ್ನು ಓದಿಯೇ ಇರುತ್ತೀರಿ. ಹಳಿಯ ಪಕ್ಕದ ಕಂಪೌಂಡಿನ ಮೇಲೆ ದಪ್ಪ ಅಕ್ಷರದಲ್ಲಿ ‘ಗುಪ್ತರೋಗ’, ಕೆಳಗೆ ಒಂದು ದವಾಖಾನೆಯ ವಿಳಾಸ. ಓದಿದ ಮೇಲೆ ಪಕ್ಕದವನು ನೋಡಿದನೋ ಏನೋ ಎಂದು ಪೇಪರಿನೊಳಗೆ ಮುಖ ಹುದುಗಿಸುವುದು ನಮ್ಮೆಲ್ಲರ ಅಭ್ಯಾಸ. ನಾನೂ ಹಾಗೆಯೇ ಮಾಡುತ್ತಿದ್ದೆ. ಆದರೆ 1993ರಲ್ಲಿ ಒಮ್ಮೆ ಅಂಥದೊಂದು ವಿಳಾಸವನ್ನು ಟಿಕೆಟಿನ ಹಿಂದೆ ಬರೆದುಕೊಂಡಿದ್ದೆ. ನನಗಾಗಿ ಅಲ್ಲ ಅಂದರೆ ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ.. :-)

ಆಗ ಡೊಂಬಿವಲಿಯ ಒಂದು ಖೋಲಿಯಲ್ಲಿ ನಾವು ನಾಲ್ವರು ಊರಿನ ಹುಡುಗರು. ನಮ್ಮಲ್ಲೊಬ್ಬನಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗಿಯೂ ಮುಂಬೈಯಲ್ಲೇ ಕೆಲಸದಲ್ಲಿದ್ದಳು. ಆದಿತ್ಯವಾರ ಸಂಜೆ ಇಬ್ಬರೂ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಗಂಟೆಗಟ್ಟಲೆ ಕೂರುತ್ತಿದ್ದರು. ಈ ಊರಿನಲ್ಲಿ ಪ್ರೇಮಿಗಳಿಗೆ ಬೇರೆ ಜಾಗ ಎಲ್ಲಿದೆ? ಕೈ ಹಿಡಿಯುವುದು, ಒರಗಿ ಕೂರುವುದು, ಅಷ್ಟೇ. ಆದರೆ ರಾತ್ರಿ ರೂಮಿಗೆ ಬಂದವನು ಚಾಪೆಯ ಮೇಲೆ ಮುದುಡಿಕೊಂಡು ಮಲಗುತ್ತಿದ್ದ. ಒಂದು ದಿನ ಒತ್ತಾಯ ಮಾಡಿ ಕೇಳಿದೆ.

“ಕೆಳಗೆ ಭಾರ ಕಟ್ಟಿ ಎಳೆದ ಹಾಗೆ ಆಗ್ತದೆ ಮಾರಾಯ, ಕೂರ್ಲಿಕ್ಕೂ ಆಗುದಿಲ್ಲ. ಬೆಳಿಗ್ಗೆ ಏಳುವಾಗ ಏನೂ ಇಲ್ಲ. ಅವಳನ್ನು ನೋಡಿ ಬಂದ ದಿನ ಮಾತ್ರ ಹೀಗೆ” ಅಂದ.

ಇಬ್ಬರೂ ಬಿ.ಕಾಂ. ಓದಿದವರು. ಡೆಬಿಟ್ ಕ್ರೆಡಿಟ್ ಗೊತ್ತಿತ್ತು, ನಮ್ಮ ಮೈಯ ಲೆಕ್ಕ ಗೊತ್ತಿರಲಿಲ್ಲ. ಗೋಡೆಯ ವಿಳಾಸ ಕೊಟ್ಟವನು ನಾನೇ, 1,500 ರೂಪಾಯಿ ಸಾಲ ಕೊಟ್ಟವನೂ ನಾನೇ. ಆ ದವಾಖಾನೆಯವನು ನಾಡಿ ಹಿಡಿದು, ನರ ಒಣಗಿದೆ, ಧಾತು ಕರಗಿದೆ, ಹೀಗೇ ಮದುವೆಯಾದರೆ ಹುಡುಗಿಯ ಬಾಳು ಹಾಳು ಎಂದು ಹೇಳಿ ಮೂರು ತಿಂಗಳ ಪುಡಿ ಕಟ್ಟಿಕೊಟ್ಟ. ನನ್ನ ಗೆಳೆಯ ಆ ರಾತ್ರಿಯೇ ಅಪ್ಪನಿಗೆ ಇನ್‌ಲ್ಯಾಂಡ್ ಲೆಟರ್ ಬರೆದ, ಸಂಬಂಧ ಮುರಿಯಿರಿ ಅಂತ. ಕಾರಣ ಬರೆದಿರಲಿಲ್ಲ. ಪೋಸ್ಟ್ ಮಾಡಲು ನನ್ನ ಕೈಗೆ ಕೊಟ್ಟ.

ಆ ಕಾಗದ ಎರಡು ದಿನ ನನ್ನ ಬ್ಯಾಗಿನಲ್ಲೇ ಉಳಿಯಿತು. ಕಾರಣ ಹೇಳದೆ ಸಂಬಂಧ ಮುರಿದರೆ ಊರಿನವರು ಆ ಹುಡುಗಿಯ ಬಗ್ಗೆ ಏನೇನು ಆಡಿಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ಮೂರನೇ ದಿನ ಅವನನ್ನು ನಮ್ಮ ಗಲ್ಲಿಯ ವಯಸ್ಸಾದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿದರು, ನಗಲಿಲ್ಲ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಮನಸ್ಸು ಉದ್ರೇಕಗೊಂಡಾಗ ಆ ಭಾಗಕ್ಕೆ ರಕ್ತ ಹೆಚ್ಚು ಹರಿದು ಬರುತ್ತದೆ, ವಾಪಸು ಹೋಗುವುದು ನಿಧಾನವಾಗುತ್ತದೆ. ಸ್ಖಲನವಾದರೆ ಬೇಗ ಇಳಿಯುತ್ತದೆ, ಆಗದಿದ್ದರೆ ನಿಧಾನವಾಗಿ ಇಳಿಯುತ್ತದೆ. ಅಲ್ಲಿಯ ತನಕ ವೃಷಣದಲ್ಲಿ ಭಾರ, ಮಂದ ನೋವು. ರೋಗವಲ್ಲ, ಔಷಧಿ ಬೇಡ. ಇಷ್ಟೇ!

ಈ ‘ಇಷ್ಟೇ’ ಎನ್ನುವ ಮಾತು ಪುಸ್ತಕಕ್ಕೆ ಬರಲು ಎಷ್ಟು ಕಾಲ ಹಿಡಿಯಿತು ಎಂದು ಆಮೇಲೆ ಬಿಡುವಾದಾಗಲೆಲ್ಲ ಓದುತ್ತಾ ಬಂದೆ. ಅದೇ ಈ ಬರಹ.

ಹೆದರಿಸಿ ಮದ್ದು ಮಾರುವ ವ್ಯಾಪಾರ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. 18ನೇ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ‘ಒನಾನಿಯಾ’ ಎಂಬ ಅನಾಮಧೇಯ ಪುಸ್ತಿಕೆ ಬಂತು. ಹಸ್ತಮೈಥುನದಿಂದ ಸರ್ವನಾಶ ಎಂದು ಬೆದರಿಸಿ, ಅದರಲ್ಲೇ ಔಷಧಿಯ ಜಾಹೀರಾತನ್ನೂ ಕೊಟ್ಟಿತ್ತು. ನಮ್ಮ ರೈಲ್ವೆ ಗೋಡೆಯ ಮುತ್ತಾತ ಅನ್ನಿ. 1760ರಲ್ಲಿ ಸ್ವಿಜರ್ಲೆಂಡಿನ ವೈದ್ಯ ಟಿಸೊ ಅದೇ ಹೆದರಿಕೆಗೆ ವೈದ್ಯಶಾಸ್ತ್ರದ ಮುದ್ರೆ ಒತ್ತಿದ. ನಮ್ಮ ದೇಶದಲ್ಲಿ ಧಾತು ನಷ್ಟದ ನಂಬಿಕೆ ಬಹಳ ಹಳೆಯದು. ವೀರ್ಯ ಹೋಯಿತೆಂಬ ಭಯದಿಂದಲೇ ಸೊರಗಿ ಬರುವ ಯುವಕರನ್ನು ನೋಡಿ ಮನೋವೈದ್ಯ ನರೇಂದ್ರನಾಥ್ ವಿಗ್ 1960ರಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು.

ವಿಚಿತ್ರ ನೋಡಿ. ಹೋದರೆ ಏನಾಗುತ್ತದೆ ಎಂದು ಎಲ್ಲರೂ ಬರೆದರು, ಹೋಗದಿದ್ದಾಗ ಆಗುವ ನೋವಿನ ಬಗ್ಗೆ ಬರೆದವರು ಬಹಳ ಕಡಿಮೆ. ಅಮೆರಿಕದ ಹುಡುಗರ ಬಾಯಲ್ಲಿ ಮಾತ್ರ 1916ರ ಸುಮಾರಿಗೇ ಇದಕ್ಕೆ ‘ಬ್ಲೂ ಬಾಲ್ಸ್’ ಎಂಬ ಪೋಲಿ ಹೆಸರು ಬಂದಿತ್ತು. ಸೇಂಟ್ ಲೂಯಿಸ್ ನಗರದಲ್ಲಿ ಮಾಸ್ಟರ್ಸ್ ಮತ್ತು ಜಾನ್ಸನ್ 1957ರಿಂದ ಪ್ರಯೋಗಾಲಯದಲ್ಲಿ ಗಂಡು ಹೆಣ್ಣುಗಳ ದೇಹವನ್ನು ಅಳೆದು ನೋಡಿ 1966ರಲ್ಲಿ ಪುಸ್ತಕ ತಂದರು. ಉದ್ರೇಕದ ಹೊತ್ತಿಗೆ ರಕ್ತ ತುಂಬಿ ವೃಷಣಗಳು ಅರ್ಧದಷ್ಟು ದೊಡ್ಡದಾಗುತ್ತವೆ ಎಂದು ಅವರು ದಾಖಲಿಸಿದರು. ಹೆಂಗಸರಿಗೂ ಕಿಬ್ಬೊಟ್ಟೆಯಲ್ಲಿ ಹೀಗೆಯೇ ರಕ್ತ ತುಂಬುತ್ತದೆ, ಅವರಿಗೂ ಭಾರವೆನಿಸುತ್ತದೆ. 2000ದಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಇಬ್ಬರು ವೈದ್ಯರು 14 ವರ್ಷದ ಹುಡುಗನೊಬ್ಬನ ಕೇಸನ್ನು ಬರೆದರು. ವೈದ್ಯರಲ್ಲಿ ಅನೇಕರಿಗೆ ಗೊತ್ತಿರುವ ಈ ನೋವಿನ ಬಗ್ಗೆ ವೈದ್ಯಕೀಯ ಸಾಹಿತ್ಯದಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ ಎಂದು ಅವರಿಗೇ ಆಶ್ಚರ್ಯ. ನಮ್ಮ ಡೊಂಬಿವಲಿ ಡಾಕ್ಟರು ಚಿತ್ರ ಬರೆದು ಆಗ ಏಳು ವರ್ಷವಾಗಿತ್ತು!

ನಾಚಿಕೆ ಬಿಡಿಸಲು ಹೊರಟವರು ನಮ್ಮ ಈ ಊರಿನಲ್ಲೂ ಇದ್ದರು. ಮಹರ್ಷಿ ಕರ್ವೆಯವರ ಮಗ ರಘುನಾಥ ಧೋಂಡೋ ಕರ್ವೆ ಗಣಿತದ ಪ್ರೊಫೆಸರು. ಸಂತಾನ ನಿಯಂತ್ರಣದ ಪ್ರಚಾರಕ್ಕಾಗಿ ವಿಲ್ಸನ್ ಕಾಲೇಜಿನ ಕೆಲಸ ಬಿಡಬೇಕಾಯಿತು. 1927ರಲ್ಲಿ ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕ ಶುರುಮಾಡಿ 1953ರಲ್ಲಿ ಸಾಯುವ ತನಕ ನಡೆಸಿದರು. ಓದುಗರ ಲೈಂಗಿಕ ಪ್ರಶ್ನೆಗಳಿಗೆ ಉತ್ತರ ಬರೆದದ್ದಕ್ಕೆ 1934ರಲ್ಲಿ ಅವರ ಮೇಲೆ ಅಶ್ಲೀಲತೆಯ ಮೊಕದ್ದಮೆ ಬಿತ್ತು. ಅವರ ಪರ ವಾದಿಸಿದ ವಕೀಲರು ಯಾರು ಗೊತ್ತೇ? ಡಾ. ಅಂಬೇಡ್ಕರ್. ಕೇಸು ಸೋತಿತು, ಪತ್ರಿಕೆ ನಿಲ್ಲಲಿಲ್ಲ. 2005ರಿಂದ ಡಾ. ಮಹಿಂದರ್ ವಾತ್ಸಾ ‘ಮುಂಬೈ ಮಿರರ್’ನಲ್ಲಿ ಇಂಥದೇ ಪ್ರಶ್ನೆಗಳಿಗೆ ತಮಾಷೆ ಬೆರೆಸಿ ಉತ್ತರ ಕೊಡತೊಡಗಿದರು. 2020ರ ಡಿಸೆಂಬರಿನಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು. ಕನ್ನಡದಲ್ಲಿ ಡಾ. ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ ಬರೆದು ಇದೇ ಉಪಕಾರ ಮಾಡಿದ್ದರು. ಆ ಪುಸ್ತಕ ನಮ್ಮ ಖೋಲಿಯಲ್ಲಿ ಇದ್ದಿದ್ದರೆ 1,500 ರೂಪಾಯಿ ಉಳಿಯುತ್ತಿತ್ತು. ಇನ್ನು ಆ ಗೋಡೆ ಬರಹ.. ಅಂಥ ಜಾಹೀರಾತು ಕೊಡಬಾರದೆಂದು 1954ರಲ್ಲೇ ಕಾಯ್ದೆ ಬಂದಿದೆ. ಗೋಡೆ ಅದನ್ನು ಓದಿಲ್ಲ.

ಎರಡು ಮಾತು ಹೇಳದೆ ಮುಗಿಸಬಾರದು. ಒಂದು, ಎಲ್ಲ ನೋವೂ ‘ಇಷ್ಟೇ’ ಅಲ್ಲ. ಒಂದು ಕಡೆಯ ವೃಷಣದಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು, ಬಾವು, ವಾಂತಿ ಬಂದ ಹಾಗೆ ಆದರೆ ಅದು ವೃಷಣ ತಿರುಚಿಕೊಂಡದ್ದಿರಬಹುದು. ಆರು ಗಂಟೆಯೊಳಗೆ ಆಪರೇಷನ್ ಆದರೆ ಉಳಿಯುವ ಸಂಭವ ಹೆಚ್ಚು, ತಡವಾದಷ್ಟೂ ಕಷ್ಟ. ಬೆಳಿಗ್ಗೆ ನೋಡೋಣ ಎನ್ನಬೇಡಿ, ರಾತ್ರಿಯೇ ಆಸ್ಪತ್ರೆಗೆ ಓಡಿ. ನಾಚಿಕೆಯಿಂದ ಬಾಯಿ ಬಿಡದ ಹುಡುಗರೇ ಇದರಲ್ಲಿ ಕಳೆದುಕೊಳ್ಳುವುದು.

ಎರಡನೆಯದು, ಈ ನೋವನ್ನು ಹೇಳಿಕೊಂಡು ಹುಡುಗಿಯನ್ನು ಒತ್ತಾಯಿಸುವವರೂ ಇದ್ದಾರೆ. 2023ರಲ್ಲಿ ‘ಸೆಕ್ಷುಯಲ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ಸಮೀಕ್ಷೆಯೊಂದರಲ್ಲಿ 2,600ಕ್ಕೂ ಹೆಚ್ಚು ಜನ ಉತ್ತರಿಸಿದ್ದರು. ತೀವ್ರ ನೋವು ಅಪರೂಪ, ಆದರೆ ಅದರ ಹೆಸರಿನಲ್ಲಿ ಒತ್ತಡಕ್ಕೆ ಸಿಲುಕಿದ ಹೆಂಗಸರು ಬಹಳ ಎಂದು ತಿಳಿದುಬಂತು. ಸ್ವಲ್ಪ ನಡೆದಾಡಿದರೆ, ಗಮನ ಬೇರೆ ಕಡೆ ಹೋದರೆ, ಅಥವಾ ಒಬ್ಬನೇ ಹಸ್ತಮೈಥುನ ಮಾಡಿಕೊಂಡರೂ ಇಳಿಯುವ ನೋವು ಇದು. ಯಾರ ಮೇಲೂ ಇದರ ಸಾಲ ಬಾಕಿ ಇರುವುದಿಲ್ಲ.

ಆ ಇನ್‌ಲ್ಯಾಂಡ್ ಲೆಟರನ್ನು ಡಾಕ್ಟರ ಮೆಟ್ಟಿಲು ಇಳಿಯುವಾಗ ಅವನ ಕೈಗೆ ವಾಪಸು ಕೊಟ್ಟೆ. ಸ್ಟೇಷನ್ನಿನ ತನಕ ಮಾತಾಡಲಿಲ್ಲ, ಅಲ್ಲಿ ಹರಿದು ಹಾಕಿದ. ಮೇ ತಿಂಗಳಲ್ಲಿ ಮದುವೆಯ ಊಟ ಉಂಡು ಬಂದೆವು. ಆ 1,500 ಮಾತ್ರ ಅವನು ಇನ್ನೂ ವಾಪಸು ಕೊಟ್ಟಿಲ್ಲ, ನನ್ನ ಬ್ಯಾಂಕ್ ಜೀವನದ ಮೊದಲ ಎನ್‌ಪಿಎ ಅದು. ವಿಳಾಸ ಕೊಟ್ಟವನು ನಾನಾದ್ದರಿಂದ ಕೇಳುವ ಮುಖವೂ ನನಗಿಲ್ಲ. ನನ್ನ ಮಗನಿಗೆ ಹದಿನೈದು ತುಂಬಿದಾಗ ಈ ಕಥೆಯನ್ನು, ಗೆಳೆಯನ ಹೆಸರು ಬಿಟ್ಟು, ಪೂರ್ತಿ ಹೇಳಿದೆ. ಅವನು ನೆಲ ನೋಡುತ್ತಾ ಕೇಳಿದ, ನಾನು ಗೋಡೆ ನೋಡುತ್ತಾ ಹೇಳಿದೆ. ಹಾಗಾದರೂ ಪರವಾಗಿಲ್ಲ, ನಿಮ್ಮ ಮನೆಯಲ್ಲೂ ಹೇಳಿ.