ಅವಧಿಯ ನಡುವೆ ಇಳಿಸುವವರು ಯಾರು? ಬೆಳಗಾವಿ–ಖಾನಾಪುರದ ಅನುಭವದಲ್ಲಿ ಜನಪ್ರತಿನಿಧಿಯನ್ನು ವಾಪಸ್ ಕರೆಸುವ ಹಕ್ಕು

ಆರಿಸಿ ಕಳಿಸಿದ ಪ್ರತಿನಿಧಿಯನ್ನು ಐದು ವರ್ಷ ತುಂಬುವ ಮೊದಲೇ ವಾಪಸ್ ಕರೆಸುವ ಹಕ್ಕು ಮತದಾರರಿಗೆ ಬೇಕೇ ಎಂಬ ಚರ್ಚೆ ಸಾಮಾನ್ಯವಾಗಿ ಒಂದು ನಂಬಿಕೆಯ ಮೇಲೆ ನಿಂತಿರುತ್ತದೆ: ಒಮ್ಮೆ ಗೆದ್ದವರನ್ನು ಅವಧಿ ಮುಗಿಯುವವರೆಗೆ ಯಾರೂ ಅಲುಗಿಸಲಾಗದು. ಬೆಳಗಾವಿಯ ಚರಿತ್ರೆ ಈ ನಂಬಿಕೆಯನ್ನು ಒಪ್ಪುವುದಿಲ್ಲ. ಈ ಶತಮಾನದಲ್ಲೇ ಇಲ್ಲಿನ ಮಹಾನಗರ ಪಾಲಿಕೆಯನ್ನು ರಾಜ್ಯ ಸರ್ಕಾರ ಎರಡು ಸಲ ವಿಸರ್ಜಿಸಿದೆ. ಜಿಲ್ಲೆಯ ಮೂವರು ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದ್ದಾರೆ. 2025ರ ಫೆಬ್ರುವರಿಯಲ್ಲಿ ತಿನಿಸು ಕಟ್ಟೆ ಎಂಬ ಆಹಾರ ಮಳಿಗೆಗಳ ಹಂಚಿಕೆಯ ದೂರಿನ ಮೇಲೆ ಇಬ್ಬರು ನಗರಸೇವಕರ ಸದಸ್ಯತ್ವವನ್ನು ಪ್ರಾದೇಶಿಕ ಆಯುಕ್ತರು ರದ್ದುಪಡಿಸಿದರು. ಅಂದರೆ ಅವಧಿ ಮುರಿಯುವ ಅಧಿಕಾರ ನಮ್ಮ ವ್ಯವಸ್ಥೆಯಲ್ಲಿ ಇದ್ದೇ ಇದೆ, ಅದು ಮತದಾರರ ಕೈಯಲ್ಲಿಲ್ಲ. ಆ ಅಧಿಕಾರ ಯಾರ್‍ಯಾರ ಕೈಯಲ್ಲಿ ಹೇಗೆ ಬಳಕೆಯಾಯಿತು, ಅದಾದ ಮೇಲೆ ಮತದಾರರು ಏನು ಹೇಳಿದರು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

1924–25ರ ಎರಡು ಉತ್ತರಗಳು

ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ನಡೆಯಿತು. ಗಂಗಾಧರರಾವ್ ದೇಶಪಾಂಡೆ ಅದರ ಸಂಘಟನೆಯ ಹೊಣೆ ಹೊತ್ತಿದ್ದರು. ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ಸದಸ್ಯತ್ವದ ನಿಯಮದಿಂದಾಗಿ ಈ ಅಧಿವೇಶನ ಹೆಚ್ಚು ನೆನಪಿನಲ್ಲಿದೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅಲ್ಲಿನ ಇನ್ನೊಂದು ನಿರ್ಣಯ: ಶಾಸನಸಭೆಗಳ ಕೆಲಸವನ್ನು ಕಾಂಗ್ರೆಸ್ಸಿನ ಪರವಾಗಿ ಅದರೊಳಗಿನ ಸ್ವರಾಜ್ಯ ಪಕ್ಷ ನಡೆಸುವ ಒಪ್ಪಂದಕ್ಕೆ ಅಲ್ಲಿ ಮುದ್ರೆ ಬಿತ್ತು. ಸಭೆಗೆ ಹೋದವರು ಪಕ್ಷದ ಶಿಸ್ತಿಗೆ ಕಟ್ಟುಬಿದ್ದವರು ಎಂಬ ಭಾವನೆ ಈ ವ್ಯವಸ್ಥೆಯ ಬುಡದಲ್ಲಿತ್ತು.

ಅಧಿವೇಶನ ಮುಗಿದ ವಾರದೊಳಗೆ, 1925ರ ಜನವರಿ 1ರ ತಾರೀಖು ಹೊತ್ತು ಕ್ರಾಂತಿಕಾರಿ ಸಂಘಟನೆ ಹಿಂದೂಸ್ತಾನ್ ರಿಪಬ್ಲಿಕನ್ ಅಸೋಸಿಯೇಷನ್ನಿನ ಪ್ರಣಾಳಿಕೆ ಹೊರಬಂತು. ಶಚೀಂದ್ರನಾಥ ಸಾನ್ಯಾಲ್ ಬರೆದದ್ದೆಂದು ಹೇಳಲಾಗುವ ಅದರಲ್ಲಿ, ಮುಂದಿನ ಗಣರಾಜ್ಯದ ಮತದಾರರಿಗೆ ತಮ್ಮ ಪ್ರತಿನಿಧಿಗಳನ್ನು ವಾಪಸ್ ಕರೆಸುವ ಹಕ್ಕು ಇರಲೇಬೇಕು ಎಂದಿತ್ತು. ಪ್ರತಿನಿಧಿ ಯಾರಿಗೆ ಜವಾಬ್ದಾರ ಎಂಬ ಪ್ರಶ್ನೆಗೆ ಹೀಗೆ ಒಂದೇ ವಾರದಲ್ಲಿ ಎರಡು ಉತ್ತರಗಳು ಸಿದ್ಧವಾದವು: ಪಕ್ಷಕ್ಕೆ ಎಂಬುದು ಒಂದು, ಮತದಾರರಿಗೆ ಎಂಬುದು ಇನ್ನೊಂದು.

ಮೊದಲನೆಯ ಉತ್ತರದ ದೌರ್ಬಲ್ಯ ವರ್ಷ ತುಂಬುವುದರೊಳಗೆ ಬಯಲಾಯಿತು. 1925ರ ಅಕ್ಟೋಬರಿನಲ್ಲಿ ಮಧ್ಯಪ್ರಾಂತದ ಸ್ವರಾಜ್ಯ ಪಕ್ಷದ ನಾಯಕ ಎಸ್.ಬಿ. ತಾಂಬೆ ಗವರ್ನರರ ಕಾರ್ಯಕಾರಿ ಮಂಡಳಿಯ ಸದಸ್ಯತ್ವ ಒಪ್ಪಿಕೊಂಡರು. ಪಕ್ಷದಲ್ಲಿ ಗದ್ದಲ ಎದ್ದಿತು, ಒಡಕೂ ಮೂಡಿತು. ಅವರಿಗೆ ಮತ ಹಾಕಿದವರ ಮುಂದೆ ಮಾತ್ರ ಯಾವ ದಾರಿಯೂ ಇರಲಿಲ್ಲ.

ಸಂವಿಧಾನದಿಂದ ಪಂಚಾಯಿತಿಯವರೆಗೆ

ಸ್ವತಂತ್ರ ಭಾರತ ಮೊದಲನೆಯ ಉತ್ತರವನ್ನೇ ಆರಿಸಿಕೊಂಡಿತು. 1947ರಲ್ಲಿ ಸಂವಿಧಾನ ಸಭೆಯ ಮುಂದೆ ಬಂದ ವಾಪಸಾತಿಯ ಪ್ರಸ್ತಾವ ಬಿದ್ದುಹೋಯಿತು. 1974ರಲ್ಲಿ ಜಯಪ್ರಕಾಶ ನಾರಾಯಣರ ಚಳವಳಿ ಆ ಬೇಡಿಕೆಗೆ ಜೀವ ತುಂಬಿತು. ಅದೇ ವರ್ಷ ಸಿ.ಕೆ. ಚಂದ್ರಪ್ಪನ್ ಲೋಕಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯನ್ನು ಅಟಲ್ ಬಿಹಾರಿ ವಾಜಪೇಯಿ ಬೆಂಬಲಿಸಿದರು, ಆದರೂ ಅದು ಪಾಸಾಗಲಿಲ್ಲ. 1985ರಲ್ಲಿ ಹತ್ತನೇ ಅನುಸೂಚಿ ಬಂತು. ಪಕ್ಷದ ವಿಪ್ ಮೀರಿದ ಶಾಸಕನನ್ನು ಇಳಿಸುವ ಅಧಿಕಾರ ಸ್ಪೀಕರ್‌ಗೆ ಸಿಕ್ಕಿತು. ಮತದಾರರಿಗೆ ಕೊಟ್ಟ ಮಾತು ಮೀರಿದ ಶಾಸಕನ ಬಗ್ಗೆ ಕಾನೂನು ಏನನ್ನೂ ಹೇಳಲಿಲ್ಲ.

ಸ್ಥಳೀಯ ಸಂಸ್ಥೆಗಳಲ್ಲಿ ಮಾತ್ರ ಎರಡನೆಯ ಉತ್ತರ ಅಲ್ಲಲ್ಲಿ ಚಿಗುರಿತು. ಮಧ್ಯಪ್ರದೇಶ ಮತ್ತು ಛತ್ತೀಸಗಢದಲ್ಲಿ ಪುರಸಭೆಯ ಅಧ್ಯಕ್ಷರನ್ನು ಇಳಿಸಬೇಕಾದರೆ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಬರೆದುಕೊಡಬೇಕು, ಆಮೇಲೆ ಊರಿನ ಮತದಾರರು ಗುಪ್ತ ಮತದಾನದಲ್ಲಿ ತೀರ್ಮಾನಿಸಬೇಕು. 2008ರಲ್ಲಿ ಛತ್ತೀಸಗಢದ ಗುಂಡರ್‌ದೇಹಿ, ರಾಜಪುರ ಮತ್ತು ನವಾಗಢದ ಅಧ್ಯಕ್ಷರು ಹೀಗೆ ಕುರ್ಚಿ ಕಳೆದುಕೊಂಡರು. 2012ರಲ್ಲಿ ರಾಜಸ್ಥಾನದ ಮಾಂಗ್ರೋಲ್‌ನಲ್ಲಿ ಸದಸ್ಯರು ಇಳಿಸಲು ಹೊರಟ ಅಧ್ಯಕ್ಷರನ್ನು ಮತದಾರರೇ ಉಳಿಸಿಕೊಂಡರು. ಉತ್ತರ ಪ್ರದೇಶದಲ್ಲಿ ಚಕ್ರ ಹಿಂದಕ್ಕೆ ತಿರುಗಿತು. 1947ರ ಪಂಚಾಯತ್ ಕಾಯ್ದೆಯಲ್ಲಿ ಪ್ರಧಾನನನ್ನು ಇಳಿಸುವ ಅಧಿಕಾರ ಊರಿನ ಸಭೆಗೇ ಇತ್ತು. ಮುಂದೆ ತಿದ್ದುಪಡಿಯ ಮೂಲಕ ಅದು ಪಂಚಾಯಿತಿ ಸದಸ್ಯರ ಕೈಗೆ ಹೋಯಿತು, ರಾಮ್ ಬೇಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಕರ್ನಾಟಕ ಮೊದಲಿನಿಂದಲೂ ಸದಸ್ಯರನ್ನೇ ನಂಬಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿ ಅಧ್ಯಕ್ಷರ ವಿರುದ್ಧ ಅವಿಶ್ವಾಸ ಗೆಲ್ಲಲು ಮೂರನೇ ಎರಡು ಪಾಲು ಸದಸ್ಯರ ಬೆಂಬಲ ಬೇಕು. ಗ್ರಾಮಸಭೆ ಲೆಕ್ಕ ಕೇಳಬಹುದು, ಫಲಾನುಭವಿಗಳನ್ನು ಆರಿಸಬಹುದು, ಅಧ್ಯಕ್ಷರನ್ನು ಇಳಿಸಲಾರದು. ಹೀಗಾಗಿ ನಮ್ಮ ಹಳ್ಳಿಗಳಲ್ಲಿ ಅವಿಶ್ವಾಸವೆಂದರೆ ಸದಸ್ಯರನ್ನು ರೆಸಾರ್ಟಿಗೆ ಸಾಗಿಸುವ ಗುಂಪುಗಾರಿಕೆಯಾಗಿ ಕಾಣುತ್ತದೆಯೇ ಹೊರತು ಊರಿನ ತೀರ್ಪಾಗಿ ಅಲ್ಲ.

ಮೇಲಿನಿಂದ ಬಂದ ವಿಸರ್ಜನೆ

ಬೆಳಗಾವಿ ನಗರದಲ್ಲಿ ಈ ಪ್ರಶ್ನೆಗೆ ಗಡಿವಿವಾದದ ಬಣ್ಣ ಸೇರಿತು. 2005ರ ಅಕ್ಟೋಬರ್ 27ರಂದು, ವಿಜಯ ಮೋರೆ ಮೇಯರ್ ಆಗಿದ್ದಾಗ, ಮಹಾರಾಷ್ಟ್ರ ಏಕೀಕರಣ ಸಮಿತಿಯ ಬಹುಮತವಿದ್ದ ಪಾಲಿಕೆ ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ನಿರ್ಣಯ ಮಾಡಿತು. ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮೇಯರರ ಮುಖಕ್ಕೆ ಮಸಿ ಬಳಿಯಲಾಯಿತು. ಅದೇ ತಿಂಗಳು ಸರ್ಕಾರ ಪಾಲಿಕೆಯನ್ನು ವಿಸರ್ಜಿಸಿತು. 2011ರ ನವೆಂಬರ್ 1ರಂದು ಮೇಯರ್ ಮತ್ತು ಉಪಮೇಯರ್ ರಾಜ್ಯೋತ್ಸವವನ್ನು ವಿರೋಧಿಸುವ ಕರಾಳ ದಿನದ ಮೆರವಣಿಗೆಯಲ್ಲಿ ಪಾಲ್ಗೊಂಡರು, ಡಿಸೆಂಬರಿನಲ್ಲಿ ಪಾಲಿಕೆ ಮತ್ತೊಮ್ಮೆ ವಿಸರ್ಜನೆಯಾಯಿತು.

ನಿರ್ಣಯ ಸರಿಯೋ ತಪ್ಪೋ ಎಂಬುದು ಇಲ್ಲಿ ಬೇರೆ ಪ್ರಶ್ನೆ. ನಗರ ಪಾಲಿಕೆಯ ಅಧಿಕಾರದಲ್ಲಿ ರಾಜ್ಯದ ಗಡಿ ಬರುವುದಿಲ್ಲ ಎಂಬ ವಾದಕ್ಕೆ ಬಲವಿದೆ. ಆದರೆ ಕೆಲವು ಸದಸ್ಯರ ನಡೆಗೆ ಇಡೀ ಸಭೆ ಹೋಯಿತು. ನಿರ್ಣಯವನ್ನು ವಿರೋಧಿಸಿದ ಕನ್ನಡ ಸದಸ್ಯರ ವಾರ್ಡುಗಳೂ ಪ್ರತಿನಿಧಿಯಿಲ್ಲದೆ ಉಳಿದವು. ವಿಸರ್ಜನೆಯಾದ ಆರು ತಿಂಗಳೊಳಗೆ ಚುನಾವಣೆ ನಡೆಯಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. 2011ರ ವಿಸರ್ಜನೆಯ ನಂತರ ಮತದಾನ ನಡೆದದ್ದು 2013ರ ಮಾರ್ಚ್‌ನಲ್ಲಿ.

ಆಗ ಮತದಾರರು ಏನು ಹೇಳಿದರು? ಸಮಿತಿಯ ಬೆಂಬಲಿಗರಿಗೇ ಬಹುಮತ ಕೊಟ್ಟರು. ಸರ್ಕಾರದ ಶಿಕ್ಷೆ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಅದೇ ನಗರ 2021ರ ಸೆಪ್ಟೆಂಬರಿನಲ್ಲಿ 58 ವಾರ್ಡುಗಳ ಪೈಕಿ 35ನ್ನು ಬಿಜೆಪಿಗೆ ಕೊಟ್ಟು ಸಮಿತಿಯನ್ನು ಬದಿಗೆ ಸರಿಸಿತು. ಎರಡು ವಿಸರ್ಜನೆಗಳಿಂದ ಆಗದ ಬದಲಾವಣೆಯನ್ನು ಒಂದು ಸಾಮಾನ್ಯ ಚುನಾವಣೆ ಮಾಡಿತು. ಆ ಚುನಾವಣೆಯೂ ಹಿಂದಿನ ಸಭೆಯ ಅವಧಿ ಮುಗಿದು ಎರಡು ವರ್ಷ ದಾಟಿದ ಮೇಲೆ ಬಂತು, ಮೇಯರ್ ಆಯ್ಕೆಯಾಗಲು 2023ರ ಫೆಬ್ರುವರಿ ಬರಬೇಕಾಯಿತು. ವಾಪಸ್ ಕರೆಸಲು ನಗರಸೇವಕರೇ ಇಲ್ಲದ ವರ್ಷಗಳನ್ನು ಬೆಳಗಾವಿ ಹೀಗೆ ಕಂಡಿದೆ.

ಗೋಕಾಕ, ಅಥಣಿ, ಕಾಗವಾಡ

2019ರ ಜುಲೈನಲ್ಲಿ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಅನರ್ಹಗೊಳಿಸಿದ 17 ಶಾಸಕರಲ್ಲಿ ಗೋಕಾಕದ ರಮೇಶ ಜಾರಕಿಹೊಳಿ, ಅಥಣಿಯ ಮಹೇಶ ಕುಮಠಳ್ಳಿ ಮತ್ತು ಕಾಗವಾಡದ ಶ್ರೀಮಂತ ಪಾಟೀಲ ಇದ್ದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಕಾನೂನು ಪುಸ್ತಕಗಳಲ್ಲಿ ಶ್ರೀಮಂತ ಪಾಟೀಲರ ಹೆಸರಿನಲ್ಲೇ ದಾಖಲಾಗಿದೆ. ಅನರ್ಹತೆಯನ್ನು ಕೋರ್ಟ್ ಎತ್ತಿಹಿಡಿಯಿತು, ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದು ಎಂಬ ಭಾಗವನ್ನು ತೆಗೆದುಹಾಕಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು.

ಪಕ್ಷ ಬಿಟ್ಟವರನ್ನು ಅವಧಿಯ ನಡುವೆ ಮತದಾರರ ಮುಂದೆ ನಿಲ್ಲಿಸಿದ ಈ ಚುನಾವಣೆ, ನಮ್ಮಲ್ಲಿ ವಾಪಸಾತಿಗೆ ಅತಿ ಹತ್ತಿರದ ಪ್ರಯೋಗ. ಬೆಳಗಾವಿ ಜಿಲ್ಲೆಯ ಮೂವರೂ ಗೆದ್ದರು. ಗೋಕಾಕದಲ್ಲಿ ಸ್ವಂತ ತಮ್ಮನೇ ಎದುರಾಳಿಯಾಗಿದ್ದರೂ ಫಲಿತಾಂಶ ಬದಲಾಗಲಿಲ್ಲ. 2023ರಲ್ಲಿ ಅವಧಿ ಪೂರ್ಣಗೊಂಡ ಮೇಲೆ ಅಥಣಿ, ಕಾಗವಾಡದ ಮತದಾರರು ಅದೇ ಶಾಸಕರನ್ನು ಮನೆಗೆ ಕಳಿಸಿದರು, ಗೋಕಾಕ ಮಾತ್ರ ಉಳಿಸಿಕೊಂಡಿತು.

ಇದರಿಂದ ಮತದಾರರಿಗೆ ಪಕ್ಷಾಂತರ ಹಿಡಿಸುತ್ತದೆ ಎಂದು ತೀರ್ಮಾನಿಸುವುದು ಆತುರವಾದೀತು. 2019ರ ಆ ಡಿಸೆಂಬರಿನಲ್ಲಿ ಯಡಿಯೂರಪ್ಪನವರ ಬಿಜೆಪಿ ಸರ್ಕಾರದ ಉಳಿವೇ ಈ ಸ್ಥಾನಗಳ ಮೇಲಿತ್ತು. ಈ ಮನುಷ್ಯ ಇರಲೋ ಬೇಡವೋ ಎಂಬ ಪ್ರಶ್ನೆಯೊಳಗೆ, ನಮ್ಮ ತಾಲ್ಲೂಕಿಗೆ ಮಂತ್ರಿ ಬೇಕೋ ಬೇಡವೋ ಎಂಬ ಪ್ರಶ್ನೆ ಸೇರಿಕೊಂಡಿತ್ತು. ಶಾಸಕರ ಮಟ್ಟದಲ್ಲಿ ನಡೆಯುವ ಯಾವ ವಾಪಸಾತಿ ಮತದಾನವೂ ಈ ಬೆರಕೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಖಾನಾಪುರದ ಲೆಕ್ಕ

ಜಿಲ್ಲೆಯ ಖಾನಾಪುರ ವಿಧಾನಸಭಾ ಕ್ಷೇತ್ರ ಇನ್ನೊಂದು ತೊಡಕನ್ನು ತೋರಿಸುತ್ತದೆ. 2008ರಲ್ಲಿ ಬಿಜೆಪಿಯ ಪ್ರಹ್ಲಾದ ರೇಮಾನಿ, 2013ರಲ್ಲಿ ಸಮಿತಿಯ ಅರವಿಂದ ಪಾಟೀಲ, 2018ರಲ್ಲಿ ಕಾಂಗ್ರೆಸ್ಸಿನ ಅಂಜಲಿ ನಿಂಬಾಳ್ಕರ್, 2023ರಲ್ಲಿ ಬಿಜೆಪಿಯ ವಿಠ್ಠಲ ಹಲಗೇಕರ. ಇವರಲ್ಲಿ ಮೊದಲ ಮೂವರಲ್ಲಿ ಯಾರಿಗೂ ಮರುಬಾರಿ ಅವಕಾಶ ಸಿಗಲಿಲ್ಲ. ಪ್ರತಿ ಐದು ವರ್ಷಕ್ಕೊಮ್ಮೆ ಇಲ್ಲಿನ ಮತದಾರರು ವಾಪಸಾತಿಯನ್ನೇ ಮಾಡುತ್ತಿದ್ದಾರೆ.

2018ರಲ್ಲಿ ಸಮಿತಿಯೇ ಎರಡು ಹೋಳಾಗಿ, ಕಣದಲ್ಲಿ ಮತಗಳು ಹಲವು ಕಡೆ ಹರಿದವು. ಗೆದ್ದವರ ಪಾಲು ಮೂರನೇ ಒಂದನ್ನೂ ಮುಟ್ಟಲಿಲ್ಲ. ನಾಲ್ಕನೇ ಒಂದು ಪಾಲು ಮತದಾರರ ಸಹಿ ಇದ್ದರೆ ವಾಪಸಾತಿ ಮತದಾನ ಎಂಬ ನಿಯಮ ಆಗ ಇದ್ದಿದ್ದರೆ, ಸೋತವರು ಕೈಜೋಡಿಸಿದ ದಿನವೇ ಅರ್ಜಿ ಸಿದ್ಧವಾಗುತ್ತಿತ್ತು. ಮರಾಠಿ ಭಾಷಿಕರು ಹೆಚ್ಚಿರುವ, ಕನ್ನಡವೂ ಬಲವಾಗಿ ಬೇರೂರಿರುವ ತಾಲ್ಲೂಕಿನಲ್ಲಿ ಅಂಥ ಅರ್ಜಿ ಕೆಲಸದ ಲೆಕ್ಕ ಕೇಳುವ ಬದಲು ಭಾಷೆಯ ಲೆಕ್ಕ ಕೇಳಲು ತೊಡಗುತ್ತದೆ. 2011ರಲ್ಲಿ ಅಣ್ಣಾ ಹಜಾರೆ ಈ ಬೇಡಿಕೆ ಎತ್ತಿದಾಗ ಮುಖ್ಯ ಚುನಾವಣಾ ಆಯುಕ್ತ ಎಸ್.ವೈ. ಖುರೇಷಿ, ಜನರಲ್ಲಿ ಪರಕೀಯ ಭಾವನೆ ಇರುವ ಪ್ರದೇಶಗಳಲ್ಲಿ ಇದು ಅಸ್ಥಿರತೆ ತರುತ್ತದೆ ಎಂದು ಎಚ್ಚರಿಸಿದ್ದರು. ಅವರು ಗಮನದಲ್ಲಿಟ್ಟುಕೊಂಡದ್ದು ಕಾಶ್ಮೀರ ಮತ್ತು ನಾಗಾಲ್ಯಾಂಡ್. ಗಡಿ ತಾಲ್ಲೂಕಿಗೂ ಆ ಮಾತು ಬೇರೆ ಪ್ರಮಾಣದಲ್ಲಿ ಸಲ್ಲುತ್ತದೆ.

ಆಡಳಿತದ ತೊಡಕೂ ಇದೆ. ಭೀಮಗಡ ಅಭಯಾರಣ್ಯದೊಳಗಿನ ಗವಾಳಿ, ಆಮಗಾಂವದಂಥ ಊರುಗಳಿಗೆ ಮಳೆಗಾಲದಲ್ಲಿ ಆಂಬುಲೆನ್ಸ್ ಹೋಗುವುದೇ ಕಷ್ಟ. ಪ್ರತಿನಿಧಿಯ ಮೇಲೆ ದೂರಲು ಹೆಚ್ಚು ಕಾರಣವಿರುವುದು ಇವರಿಗೇ, ಸಹಿ ಹಾಕಿ ಪರಿಶೀಲನೆಗೆ ಹಾಜರಾಗಲು ಕಷ್ಟವಾಗುವುದೂ ಇವರಿಗೇ. ಸಹಿ ಸಂಗ್ರಹ ಸಲೀಸಾಗಿ ನಡೆಯುವುದು ಪೇಟೆಯಲ್ಲಿ, ಹಣ ಮತ್ತು ಕಾರ್ಯಕರ್ತರು ಇರುವವರಿಂದ.

ಸಮಾರೋಪ

ಬೆಳಗಾವಿಯ ದಾಖಲೆಯನ್ನು ಒಟ್ಟಿಗೆ ಓದಿದರೆ ಒಂದು ಮಾದರಿ ಕಾಣುತ್ತದೆ. 2013ರಲ್ಲಿ ಸರ್ಕಾರದ ತೀರ್ಪನ್ನು, 2019ರಲ್ಲಿ ಸ್ಪೀಕರ್ ತೀರ್ಪನ್ನು ಮತದಾರರು ಅನುಮೋದಿಸಲಿಲ್ಲ. ತಮಗೇ ಬೇಸರವಾದಾಗ, ಪೂರ್ಣಾವಧಿಯ ಚುನಾವಣೆಯಲ್ಲಿ, ಯಾರ ಸೂಚನೆಯೂ ಇಲ್ಲದೆ ಬದಲಾಯಿಸಿದರು. ಆದ್ದರಿಂದ ಶಾಸಕ ಮತ್ತು ಸಂಸದರ ಮಟ್ಟದಲ್ಲಿ ವಾಪಸಾತಿಯ ಹಕ್ಕು ಬೇಕೆನ್ನುವ ವಾದಕ್ಕೆ ಇಲ್ಲಿನ ಅನುಭವ ಬೆಂಬಲ ಕೊಡುವುದಿಲ್ಲ.

ವಾರ್ಡಿನ ಮಟ್ಟದಲ್ಲಿ ಚಿತ್ರ ಬೇರೆ. ಅಲ್ಲಿ ಮತದಾರರ ಸಂಖ್ಯೆ ಸಣ್ಣದು, ಸರ್ಕಾರ ಬೀಳುವ ಭಯವಿಲ್ಲ, ನೀರು, ಕಸ, ಮಳಿಗೆಗಳ ವಿಷಯ ಎಲ್ಲರ ಕಣ್ಣೆದುರಿಗೇ ಇರುತ್ತದೆ. ಬ್ರಿಟನ್ನಿನ 2015ರ ಕಾಯ್ದೆ ಒಂದು ದಾರಿ ತೋರಿಸಿದೆ: ಸಂಸದನಿಗೆ ಜೈಲುಶಿಕ್ಷೆ ಅಥವಾ ಸದನದಿಂದ ಅಮಾನತಿನಂಥ ಸಾಬೀತಾದ ಕಾರಣ ಇದ್ದರಷ್ಟೇ ಸಹಿ ಸಂಗ್ರಹ, ಕ್ಷೇತ್ರದ ಶೇ 10ರಷ್ಟು ಮತದಾರರು ಸಹಿ ಮಾಡಿದರೆ ಉಪಚುನಾವಣೆ. 2019ರಲ್ಲಿ ಪೀಟರ್‌ಬರೋ ಕ್ಷೇತ್ರದಲ್ಲಿ ಅದು ಮೊದಲ ಸಲ ಫಲಿಸಿತು. ಕರ್ನಾಟಕದ ಪಾಲಿಕೆ ಮತ್ತು ಪಂಚಾಯಿತಿ ಕಾಯ್ದೆಗಳಲ್ಲಿ ಅನರ್ಹತೆಯ ಕಾರಣಗಳು ಈಗಾಗಲೇ ಇವೆ. ತಪ್ಪು ಸಾಬೀತಾಯಿತೇ ಎಂಬುದನ್ನು ಅಧಿಕಾರಿ ಅಥವಾ ಕೋರ್ಟ್ ಹೇಳಲಿ, ಸದಸ್ಯ ಹೋಗಬೇಕೇ ಎಂಬುದನ್ನು ವಾರ್ಡಿನ ಮತದಾರರು ಹೇಳಲಿ. ಇಡೀ ಪಾಲಿಕೆಯನ್ನು ವಿಸರ್ಜಿಸುವ ಅಧಿಕಾರವನ್ನು ಬಿಗಿಗೊಳಿಸಿ, ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸುವ ಹೊಣೆಯನ್ನು ಸರ್ಕಾರದ ಮೇಲೆ ಕಟ್ಟುನಿಟ್ಟಾಗಿ ಹೇರದಿದ್ದರೆ ಈ ಸುಧಾರಣೆಗೂ ಅರ್ಥವಿರುವುದಿಲ್ಲ. ಆರಿಸುವ ಹಕ್ಕೇ ಎರಡು ವರ್ಷ ತಡವಾಗಿ ಬರುವ ನಗರದಲ್ಲಿ ಮೊದಲು ಸರಿಪಡಿಸಬೇಕಾದದ್ದು ಚುನಾವಣೆಯ ವೇಳಾಪಟ್ಟಿ.